ಬಿಳಿ ಕಾರಿನ ಜ್ವರ

ಮಂಗಳವಾರ ಸಂಜೆ ಗಂಡ ನಡೆದುಕೊಂಡು ಮನೆಗೆ ಬಂದ. ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಮುಖ ಕೆಂಪಗೆ, ಕೈಯಲ್ಲಿ ಕಾರಿನ ಕೀ ಮಾತ್ರ. ಬಾಗಿಲು ತೆಗೆದ ಸಿಸ್ಟರ್ ಅವನ ಹೆಗಲ ಮೇಲಿಂದ ಬೀದಿ ನೋಡಿದಳು. ಕಾರಿಲ್ಲ.

"ಎಲ್ಲಿ?"

"ಸೇತುವೆ ಮೇಲೆ."

ಅವಳು ದೊಡ್ಡಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹದಿನೇಳು ವರ್ಷದಿಂದ ನರ್ಸು. ಬೀದಿಯವರಿಗೆಲ್ಲ ಸಿಸ್ಟರ್, ಮನೆಯಲ್ಲೂ ಅದೇ ಹೆಸರು ಅಂಟಿಕೊಂಡಿತ್ತು. ಮುಖ ನೋಡಿಯೇ ಯಾರಿಗೆ ಏನಾಗಿದೆಯೆಂದು ಅಂದಾಜು ಮಾಡುವುದು ಅವಳ ಅಭ್ಯಾಸ. ಈಗ ಏನೂ ಕೇಳಬಾರದು, ಮೊದಲು ಟೀ ಕೊಡಬೇಕು ಎಂದುಕೊಂಡಳು. ಅಷ್ಟರಲ್ಲಿ ಒಳಗಿನಿಂದ ಮಾವ ಎದ್ದು ಬಂದಿದ್ದರು.

"ಸೇತುವೆ ಮೇಲೆ ಅಂದ್ರೇನು? ಯಾರ ಹತ್ರ ಬಿಟ್ಟು ಬಂದೆ?"

"ಕಾಗೆಗಳ ಹತ್ರ," ಎಂದ ಗಂಡ. "ಯೋಚನೆ ಮಾಡ್ಬೇಡಿ ಅಪ್ಪ, ಯಾರೂ ಕದಿಯಲ್ಲ. ಕದ್ದೋನು ಅರ್ಧ ದಾರೀಲಿ ತಾನೇ ವಾಪಸ್ ತಂದು ಬಿಡ್ತಾನೆ."

ಅವನು ಟೈಲ್ಸ್ ಅಂಗಡಿಯೊಂದರಲ್ಲಿ ಮಾರಾಟದ ಕೆಲಸದಲ್ಲಿದ್ದ. ಅಂಗಡಿಯ ಯಜಮಾನರ ಗಾಡಿ ಸರ್ವೀಸಿಗೆ ಹೋಗಿತ್ತೆಂದು, ಆ ದಿನ ಅವರನ್ನು ತಾನೇ ಮನೆಗೆ ಬಿಡುತ್ತೇನೆಂದು ಮುಂದೆ ಬಿದ್ದು ಹೇಳಿದ್ದ. ಸೇತುವೆಯ ಮೇಲೆ ವಾಹನಗಳ ಸಾಲು ನಿಂತಿತು. ನಿಂತ ಕೂಡಲೇ ಇಂಜಿನ್ನು ಉಬ್ಬಸ ಬಂದವರ ಹಾಗೆ ಒಮ್ಮೆ ಏರಿ ಒಮ್ಮೆ ಇಳಿಯತೊಡಗಿತು. ಶಾಖದ ಮುಳ್ಳು ಕೆಂಪು ಗೆರೆ ದಾಟಿತು. ಆಮೇಲೆ ಬಾನೆಟ್ಟಿನ ಸಂದಿಯಿಂದ ಹೊಗೆಯಂತೆ ಹಬೆ. ಯಜಮಾನರು ಇಳಿದು, ಕೋಟು ಬಿಚ್ಚಿ, ಹಿಂದಿನಿಂದ ನೂಕಿದ್ದರು.

"ಅವರು ಏನಂದ್ರು?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು.

"ಏನೂ ಅನ್ಲಿಲ್ಲ. ಅದೇ ಕಷ್ಟ. ಹಿಂದಿದ್ದ ಯಾರದೋ ಬೈಕ್ ಹತ್ತಿ ಹೋದ್ರು. ಹೋಗೋವಾಗ ನನ್ನ ಬೆನ್ನು ತಟ್ಟಿ ಹೋದ್ರು."

ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆಯಿತು. ಮಾವ ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಬಸ್ಸು ಓಡಿಸಿದವರು. ನಿವೃತ್ತಿಯಾದ ತಿಂಗಳಲ್ಲೇ ಈ ಬಿಳಿ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಈಗ ಅದಕ್ಕೆ ಇಪ್ಪತ್ತೆರಡು ವರ್ಷ. ಹನ್ನೊಂದು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸ್ಟೇರಿಂಗ್ ಮಗನ ಕೈಗೆ ಹೋಗಿತ್ತೇ ಹೊರತು ಬಾನೆಟ್ಟು ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನೆತ್ತಿ ಒರೆಸಿ, ಎಣ್ಣೆ ನೋಡಿ, ರೇಡಿಯೇಟರಿಗೆ ಸೇರಿದ ನೀರಿನ ಬಾಟ್ಲಿ ನೋಡಿ, "ತುಂಬಿದೆ" ಎಂದು ಗಟ್ಟಿಯಾಗಿ ಹೇಳಿ ಮುಚ್ಚುವುದು ಅವರ ಕೆಲಸ. ಮನೆಯ ರಿಪೇರಿಯೂ ಅವರದೇ. ಬಕೆಟ್ಟಿನ ಹಿಡಿ, ಕಿಟಕಿಯ ಕೊಂಡಿ, ಬಚ್ಚಲಿನ ಪೈಪು, ಏನು ಬಿಟ್ಟುಕೊಂಡರೂ ತಂತಿ ತಂದು ಎಡಕ್ಕೆ ಎರಡು ಸುತ್ತು ಹಾಕಿ, ತುದಿಯನ್ನು ಒಳಕ್ಕೆ ಮಡಚಿ ಬಿಗಿದುಬಿಡುತ್ತಿದ್ದರು.

"ಗಾಡಿಗೇನೂ ಆಗಿಲ್ಲ," ಎಂದರು ಮಾವ. "ಓಡಿಸೋನ ಕಾಲು ಸುಮ್ನಿರಲ್ಲ. ಇಡೀ ದಿನ ಕ್ಲಚ್ ತುಳ್ಕೊಂಡು ಕೂತ್ರೆ ಯಾವ ಇಂಜಿನ್ ತಡ್ಕೊಳುತ್ತೆ?"

"ನಿಂತಾಗ ಬಿಸಿಯಾಗೋದಕ್ಕೂ ಕ್ಲಚ್ಚಿಗೂ ಏನು ಸಂಬಂಧ?"

"ನಂಗೆ ಹೇಳ್ಕೊಡ್ತೀಯಾ?"

"ಇಲ್ಲಪ್ಪ. ನಾನ್ಯಾಕೆ ಹೇಳ್ಕೊಡ್ಲಿ. ಗುಜರಿಯವನಿಗೆ ಹೇಳಾಯ್ತು. ಈ ತಿಂಗಳ ಕೊನೇ ಭಾನುವಾರ, ಸಂಜೆ ನಾಲ್ಕಕ್ಕೆ ಬಂದು ಎಳ್ಕೊಂಡು ಹೋಗ್ತಾನೆ."

ಮಾವ ಅರ್ಧ ಊಟಕ್ಕೇ ಎದ್ದು ಕೈ ತೊಳೆದರು. ಮರುದಿನದಿಂದ ಮಗ ಕೂತಾಗ ಅವರು ಕೂರಲಿಲ್ಲ, ಅವರು ಕೂತಾಗ ಮಗನಿಗೆ ಹಸಿವಿರಲಿಲ್ಲ. ಅತ್ತೆ ಎರಡೆರಡು ಸಲ ಬಿಸಿ ಮಾಡಿ, ಎರಡೆರಡು ಸಲ ಬಡಿಸಿ, ಮೂರನೆಯ ದಿನಕ್ಕೆ ಸುಸ್ತಾಗಿ ಹೋದರು.

"ಈಗ ನಾನು ಎರಡು ಹೋಟೆಲು ನಡೆಸ್ತಿದೀನಿ," ಎಂದರು ಸೊಸೆಗೆ. "ಒಂದು ಅಪ್ಪಂಗೆ, ಒಂದು ಮಗಂಗೆ. ಎರಡರಲ್ಲೂ ಗಿರಾಕಿ ಮುಖ ಊದಿಸ್ಕೊಂಡೇ ತಿಂತಾನೆ."

ಸಿಸ್ಟರಿಗೆ ಆ ಕಾರಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳಿಗೆ ಸ್ಕೂಟರೇ ಸಾಕಿತ್ತು. ಆದರೆ ಕಾಯಿಲೆ ಏನೆಂದು ಗೊತ್ತಾಗದೆಯೇ ರೋಗಿಯ ಮುಖದ ಮೇಲೆ ಬಟ್ಟೆ ಎಳೆಯುವುದು ಅವಳಿಗೆ ಒಗ್ಗದ ಮಾತು. ಕಾರನ್ನು ಸೇತುವೆಯಿಂದ ಎಳೆದು ತಂದ ಗ್ಯಾರೇಜಿನವನನ್ನು ಗೇಟಿನ ಬಳಿ ನಿಲ್ಲಿಸಿ ವಿಚಾರಿಸಿದಳು. ಹಿಂದಿನ ಆರು ತಿಂಗಳಲ್ಲಿ ಅವನು ಥರ್ಮೋಸ್ಟಾಟು ಬದಲಾಯಿಸಿದ್ದ, ವಾಟರ್ ಪಂಪು ಬದಲಾಯಿಸಿದ್ದ, ಫ್ಯಾನಿನ ಮೋಟಾರೂ ಹೊಸದು.

"ಇನ್ನುಳಿದಿರೋದು ಹೆಡ್ ಗ್ಯಾಸ್ಕೆಟ್ಟು ಸಿಸ್ಟರ್. ಅದೇ ಹೋಗಿರುತ್ತೆ. ಇಂಜಿನ್ ಬಿಚ್ಬೇಕು."

"ಗ್ಯಾಸ್ಕೆಟ್ ಹೋದ್ರೆ ಬೇರೆ ಏನು ಕಾಣುತ್ತೆ?"

"ಎಣ್ಣೇಲಿ ನೀರು ಸೇರಿ ಹಾಲಿನ ಥರ ಆಗುತ್ತೆ. ಹಿಂದೆ ಬಿಳಿ ಹೊಗೆ ಬರುತ್ತೆ."

"ಬಂದಿದೆಯಾ?"

"ಇನ್ನೂ ಇಲ್ಲ. ಬರುತ್ತೆ."

"ಲಕ್ಷಣ ಇಲ್ಲದೆ ಹೊಟ್ಟೆ ಕೊಯ್ಯೋಣ ಅಂತೀರಾ?"

ಅವನು ತಲೆ ಕೆರೆದುಕೊಂಡು ನಕ್ಕ. ಹೋಗುವಾಗ ಒಂದು ಮಾತು ಹೇಳಿ ಹೋದ: "ಏನೇ ಮಾಡಿ ಕಳಿಸಿದ್ರೂ ಹದಿನೈದು ದಿನ ಸರಿಯಾಗೇ ಇರುತ್ತೆ ಸಿಸ್ಟರ್. ಆಮೇಲೆ ಮತ್ತೆ ಶುರು. ನಂಗೂ ಬೇಜಾರಾಗಿದೆ."

ಅವತ್ತೇ ಅವಳು ವಾರ್ಡಿನಿಂದ ಜ್ವರದ ಖಾಲಿ ಚಾರ್ಟೊಂದನ್ನು ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮೇಲೆ ರೋಗಿಯ ಹೆಸರಿನ ಜಾಗದಲ್ಲಿ 'ಬಿಳಿ ಕಾರು, ವಯಸ್ಸು ೨೨' ಎಂದು ಬರೆದದ್ದು ಮಗಳು. ಕಾಲೇಜಿನ ಎರಡನೇ ವರ್ಷದಲ್ಲಿದ್ದ ಆ ಹುಡುಗಿ ಬಾಯಿ ತೆರೆದರೆ ಮುಚ್ಚುತ್ತಿರಲಿಲ್ಲ. ತಾತ ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದರು.

"ಏನಿದು ಆಟ?" ಗಂಡ ಹಾಲು ತೆಗೆಯಲು ಬಂದವನು ಕೇಳಿದ.

"ಜ್ವರ ಬರ್ತಿದೆ ಅಂತ ಎಲ್ರೂ ಕೂಗ್ತೀರಿ. ಯಾವಾಗ ಬರುತ್ತೆ, ಎಷ್ಟು ಹೊತ್ತಿಗೆ ಇಳಿಯುತ್ತೆ ಅಂತ ಯಾರಾದ್ರೂ ಬರೆದಿಟ್ಟಿದೀರಾ?"

"ಬರೆದಿಟ್ರೆ ಇಂಜಿನ್ ನಾಚ್ಕೊಂಡು ಸರಿಹೋಗುತ್ತಾ?"

"ಹೋದ್ರೂ ಹೋಗ್ಬಹುದು. ನೀವಂತೂ ಬೈದು ನೋಡಿದೀರಿ, ಹೋಗ್ಲಿಲ್ವಲ್ಲ."

ಎರಡನೆಯ ವಾರ ಪೂರ್ತಿ ಕಾರಿನ ಪರೀಕ್ಷೆ. ಮೂರು ಗಂಟೆಗೆ ಡ್ಯೂಟಿ ಮುಗಿಸಿ ಬಂದವಳೇ ಸಿಸ್ಟರ್ ಬಟ್ಟೆ ಬದಲಿಸಿ, ಐದು ಲೀಟರಿನ ನೀರಿನ ಕ್ಯಾನು ಹಿಂದೆ ಇಟ್ಟುಕೊಂಡು ಹೊರಡುತ್ತಿದ್ದಳು. ಲೈಸೆನ್ಸ್ ತೆಗೆದುಕೊಂಡು ಹತ್ತು ವರ್ಷವಾಗಿದ್ದರೂ ಈ ಕಾರಿನ ಸ್ಟೇರಿಂಗು ಅವಳಿಗೆ ಸಿಕ್ಕಿದ್ದು ಈಗಲೇ. ಪಕ್ಕದಲ್ಲಿ ಗಿರಗಿಟ್ಲೆ, ಮಡಿಲಲ್ಲಿ ಚಾರ್ಟು, ಕೈಯಲ್ಲಿ ಮೊಬೈಲಿನ ಗಡಿಯಾರ.

"ನಾಲ್ಕು ನಿಮಿಷ. ಮುಳ್ಳು ಅರ್ಧ. ಐದು ನಿಮಿಷ. ಅಮ್ಮ, ಏರ್ತಾ ಇದೆ, ಏರ್ತಾ ಇದೆ. ಓ, ದಡಕ್ಕಂತ ಇಳೀತು. ಮತ್ತೆ ಏರ್ತು. ಇದೇನು ಲಿಫ್ಟಾ?"

"ಬರಿ. ಬಾಯಲ್ಲಿ ಬೇಡ, ಪೆನ್ನಲ್ಲಿ."

ವಾರದ ಕೊನೆಗೆ ಚಾರ್ಟು ತುಂಬಿತು, ಅದರೊಳಗೊಂದು ನಡವಳಿಕೆ ಕಾಣಿಸಿತು. ದೊಡ್ಡ ರಸ್ತೆಯಲ್ಲಿ ಎಷ್ಟು ವೇಗವಾಗಿ ಓಡಿಸಿದರೂ ಜ್ವರವಿಲ್ಲ. ನಿಂತರೆ ಆರೇಳು ನಿಮಿಷಕ್ಕೆ ಹತ್ತುತ್ತಿತ್ತು. ನಿಂತಲ್ಲೇ ಇಂಜಿನ್ ಓಡುವ ಐಡ್ಲಿಂಗಿನ ಏರಿಳಿತ ಬಿಸಿಯಾಗುವ ಮೊದಲೇ ಶುರುವಾಗುತ್ತಿತ್ತು. ಎಲ್ಲಕ್ಕಿಂತ ವಿಚಿತ್ರ: ಅಷ್ಟು ಬಿಸಿಯಾದರೂ ರೇಡಿಯೇಟರಿನ ಹಿಂದಿನ ಫ್ಯಾನು ಒಂದು ಸಲವೂ ತಿರುಗಿರಲಿಲ್ಲ.

"ಫ್ಯಾನು ಹೊಸದು," ಎಂದರು ಮಾವ. ಇಷ್ಟು ದಿನ ದೂರದಿಂದ ನೋಡುತ್ತಿದ್ದವರು ಈಗ ವರಾಂಡದ ಕುರ್ಚಿಯನ್ನು ಕಾರಿನ ಪಕ್ಕಕ್ಕೇ ಎಳೆದುಕೊಂಡಿದ್ದರು. "ಹೊಸ ಫ್ಯಾನು ಯಾಕೆ ತಿರುಗಲ್ಲ?"

"ನೇರ ಕರೆಂಟು ಕೊಟ್ಟು ನೋಡೋಣ್ವಾ ಮಾವ?"

ಮಾವ ಎರಡು ವೈರಿನ ತುಂಡು ತಂದರು. ಬ್ಯಾಟರಿಗೆ ಮುಟ್ಟಿಸಿದ್ದೇ ತಡ, ಫ್ಯಾನು ಗುಂಯ್ಯೆಂದು ಸುತ್ತಿ ಗಿರಗಿಟ್ಲೆಯ ಕೈಯಲ್ಲಿದ್ದ ಚಾರ್ಟನ್ನು ಹಾರಿಸಿತು. ಅವಳು ಅದರ ಹಿಂದೆ ಅಂಗಳವೆಲ್ಲ ಓಡಿ ಹಿಡಿದು ತಂದಳು.

"ಹಾಗಾದ್ರೆ ಫ್ಯಾನಿಗೆ ಕೈಕಾಲು ಗಟ್ಟಿ ಇದೆ," ಎಂದಳು ಸಿಸ್ಟರ್. "ಏಳು ಅಂತ ಹೇಳೋರು ಯಾರು?"

"ಸೆನ್ಸರು," ಎಂದರು ಮಾವ. ಅವರ ದನಿಯಲ್ಲಿ ಬಹಳ ದಿನದ ಮೇಲೆ ಹುರುಪು ಬಂದಿತ್ತು. "ಹೆಬ್ಬೆರಳು ಗಾತ್ರದ್ದು. ಇಲ್ಲಿ, ನೀರಲ್ಲಿ ಮುಳುಗಿರುತ್ತೆ. ಮುಳ್ಳಿಗೆ ಬೇರೆ ಸೆನ್ಸರಿದೆ, ಅದು ಇಂಜಿನ್ನಿನ ಮೈಗೇ ಅಂಟಿರುತ್ತೆ. ನೀರು ಬಿಸಿಯಾಯ್ತು ಅಂತ ಇದು ಹೇಳಿದ್ರೆ ಅದು ತಿರುಗುತ್ತೆ. ಐಡ್ಲಿಂಗ್ ವಾಲ್ವೂ ಅಷ್ಟೇ. ನೀರಿನ ಬಿಸಿ ನೋಡ್ಕೊಂಡೇ ಎಷ್ಟು ಗಾಳಿ ಬಿಡ್ಬೇಕು ಅಂತ ತೀರ್ಮಾನ ಮಾಡುತ್ತೆ."

"ಅಂದ್ರೆ ಎರಡೂ ನೀರನ್ನೇ ಕೇಳೋದು."

"ನೀರನ್ನೇ."

ಸೆನ್ಸರ್ ಬದಲಾಯಿಸಿದರು. ಮೂವರೂ ಮುಳ್ಳು ನೋಡುತ್ತ ಕೂತರು. ಏಳನೆಯ ನಿಮಿಷಕ್ಕೆ ಮುಳ್ಳು ಕೆಂಪಿಗೆ ಹೋಯಿತು. ಫ್ಯಾನು ಅಲ್ಲಾಡಲಿಲ್ಲ.

ಮರುದಿನ ಬೆಳಿಗ್ಗೆ ಗಂಡ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಕೇಳಿದ, "ಹೇಗಿದಾರೆ ನಿಮ್ಮ ರೋಗಿ?"

ಬಾಗಿಲ ಬಳಿ ಷೂ ಒರೆಸುತ್ತಿದ್ದ ಮಾವ ತಲೆಯೆತ್ತದೆ ಹೇಳಿದರು, "ಅವಳು ಒಂದು ವಾರದಲ್ಲಿ ಕಲಿತಷ್ಟು ನೀನು ಹನ್ನೊಂದು ವರ್ಷದಲ್ಲಿ ಕಲೀಲಿಲ್ಲ."

ಗಂಡ ಚಾಕು ಕೆಳಗಿಟ್ಟ. "ಯಾರು ಕಲಿಸಿದ್ರು ಅಪ್ಪ? ಚಿಕ್ಕೋನಿದ್ದಾಗ ಬಸ್ಸಿನ ಬಾನೆಟ್ ಹತ್ರ ಬಂದ್ರೆ ಕೈ ಕೊಳೆಯಾಗುತ್ತೆ, ಓದ್ಕೋ ಹೋಗು ಅಂದ್ರಿ. ದೊಡ್ಡೋನಾದ ಮೇಲೆ, ನಿಂಗೆ ತಿಳಿಯಲ್ಲ ಬಿಡು ಅಂದ್ರಿ. ಓಡ್ಸೋದು ನಾನು, ಕೆಟ್ರೆ ತಪ್ಪು ನಂದು, ಒಳಗೇನಿದೆ ಅಂತ ನೋಡೋ ಹಕ್ಕು ಮಾತ್ರ ನಂಗಿಲ್ಲ."

"ಬಾಟ್ಲಿ ದಿನಾ ನಾನು ನೋಡ್ತೀನಿ. ಒಂದು ಗುಟುಕು ಕಡಿಮೆಯಾಗಿಲ್ಲ. ನನ್ನ ಕಡೆಯಿಂದ ತಪ್ಪಿಲ್ಲ."

"ಹೌದು. ನಿಮ್ಮ ಕಡೆಯಿಂದ ಯಾವತ್ತೂ ಇಲ್ಲ."

ಬ್ರೆಡ್ಡನ್ನು ಅಲ್ಲೇ ಬಿಟ್ಟು ಹೊರಟ. ಅತ್ತೆ ಅದನ್ನು ಮುಚ್ಚಿಟ್ಟು, "ಇವತ್ತು ಒಂದು ಹೋಟೆಲು ರಜಾ," ಎಂದರು.

ಮೂರನೆಯ ವಾರ ಸಿಸ್ಟರಿಗೆ ಆಸ್ಪತ್ರೆಯಲ್ಲಿ ಕೆಲಸ ಹೆಚ್ಚಿತು. ಚಾರ್ಟಿನಲ್ಲಿ ಬಿಳಿ ಮನೆಗಳು ಉಳಿದವು. ಗಂಡ ಬಸ್ಸಿನಲ್ಲಿ ಓಡಾಡಿದ. ಆ ಭಾನುವಾರ ಕಳೆದರೆ ಇನ್ನು ಒಂದೇ ವಾರ. ಮಾವ ಬಾನೆಟ್ಟನ್ನು ದಿನಕ್ಕೆ ಎರಡು ಸಲ ಒರೆಸತೊಡಗಿದ್ದರು, ಊರಿಗೆ ಹೊರಟವರ ಪೆಟ್ಟಿಗೆಯನ್ನು ಮತ್ತೆ ಮತ್ತೆ ಒರೆಸಿದ ಹಾಗೆ.

ಕೊನೆಯ ವಾರದ ಶುಕ್ರವಾರ ಅತ್ತೆಯ ಮೊಣಕಾಲಿನ ವ್ಯಾಯಾಮದ ದಿನ. ಸಿಸ್ಟರೇ ಕಾರಿನಲ್ಲಿ ಕರೆದುಕೊಂಡು ಹೋದಳು. ಚಳಿ ಇತ್ತು, ಅತ್ತೆ ಕಾಲಿನ ಕಡೆ ಹೀಟರ್ ಹಾಕಿಸಿಕೊಂಡರು. ಮೊದಲ ಸಿಗ್ನಲ್ಲಿನಲ್ಲಿ ನಿಂತಾಗ ಗೊಣಗಿದರು.

"ಇದಕ್ಕೂ ವಯಸ್ಸಾಯ್ತು ನೋಡು. ಓಡ್ತಿರೋವಾಗ ಕಾಲಿಗೆ ಬೆಚ್ಚಗೆ ಬರುತ್ತೆ, ನಿಂತ ತಕ್ಷಣ ತಣ್ಣಗೆ ಊದುತ್ತೆ. ಬೇಕಾದಾಗ ಇಲ್ಲ."

ಸಿಸ್ಟರಿನ ಕಿವಿ ನೆಟ್ಟಗಾಯಿತು. "ಏನಂದ್ರಿ ಅತ್ತೆ?"

"ತಣ್ಣಗೆ ಬರ್ತಿದೆ ಅಂದೆ. ಕೈಯಿಟ್ಟು ನೋಡು."

ಅವಳು ಬಗ್ಗಿ ಕೈಯಿಟ್ಟಳು. ಗಾಳಿ ನಿಜಕ್ಕೂ ತಣ್ಣಗಿತ್ತು. ಕಣ್ಣೆದುರು ಮುಳ್ಳು ಅರ್ಧ ದಾಟಿ ಏರುತ್ತಿತ್ತು. ಹೀಟರಿಗೆ ಬಿಸಿ ಬರುವುದೂ ಇಂಜಿನ್ನಿನ ನೀರಿನಿಂದಲೇ ಎಂದು ಮಾವ ಹೇಳಿದ್ದರು. ಇಂಜಿನ್ನು ಕುದಿಯುತ್ತಿದೆ, ಹೀಟರು ತಣ್ಣಗಿದೆ. ಸಿಗ್ನಲ್ಲು ಹಸಿರಾಗಿ ಹಿಂದಿನವರು ಹಾರ್ನು ಹೊಡೆದರು. ಗೇರು ಹಾಕಿ ವೇಗ ಹಿಡಿದ ಕೂಡಲೇ ಅತ್ತೆ, "ಹಾಂ, ಈಗ ಬೆಚ್ಚಗಾಯ್ತು," ಎಂದರು.

"ಇದು ಎಷ್ಟು ದಿನದಿಂದ ಹೀಗಿದೆ ಅತ್ತೆ?"

"ಚಳಿ ಶುರುವಾದಾಗಿಂದ. ಯಾರು ಕೇಳಿದ್ರಿ ನನ್ನ? ಅಪ್ಪ ಮಗ ಕಿತ್ತಾಡ್ತಿದಾರೆ, ನೀನು ಚಾರ್ಟು ಬರೀತಿದೀಯ. ನಾನು ಮುಂದಿನ ಸೀಟಲ್ಲಿ ಸಾಮಾನಿನ ಥರ ಕೂತಿರ್ತೀನಿ."

ಸಿಸ್ಟರ್ ನಕ್ಕುಬಿಟ್ಟಳು. ಮನೆಗೆ ಬಂದವಳೇ ಚಾರ್ಟಿನ ಅಂಚಿನಲ್ಲಿ ಹೊಸದೊಂದು ಸಾಲು ಬರೆದು, 'ಕಂಡುಹಿಡಿದವರು: ಅಜ್ಜಿ' ಎಂದು ಕೆಳಗೆ ಗೆರೆ ಎಳೆದಳು. ಅತ್ತೆ ಆ ಸಂಜೆ ಫ್ರಿಜ್ಜಿನ ಮುಂದೆ ಅನಾವಶ್ಯಕವಾಗಿ ನಾಲ್ಕು ಸಲ ಓಡಾಡಿದರು.

ಉತ್ತರ ಸಿಕ್ಕಿದ್ದು ಶನಿವಾರ, ವಾರ್ಡಿನಲ್ಲಿ.

ಹನ್ನೆರಡನೆಯ ಹಾಸಿಗೆಯ ಬಡಗಿಗೆ ಹೊಸ ನರ್ಸೊಬ್ಬಳು ಬೆಳಿಗ್ಗೆ ಡ್ರಿಪ್ ಹಾಕಿದ್ದಳು. ಹನ್ನೊಂದು ಗಂಟೆಗೆ ಸಿಸ್ಟರ್ ಬಂದು ನೋಡಿದಾಗ ಬಡಗಿಯ ತುಟಿ ಒಣಗಿತ್ತು.

"ಡ್ರಿಪ್ ನೋಡಿದ್ಯಾ?" ಎಂದು ಕೇಳಿದಳು.

"ನೋಡಿದೆ ಸಿಸ್ಟರ್. ಬಾಟ್ಲಿ ತುಂಬಿದೆ."

"ತುಂಬಿದೆ ಅಂದ್ರೆ ಏನರ್ಥ? ಮೂರು ಗಂಟೆ ಆದ್ರೂ ಕಡಿಮೆ ಆಗಿಲ್ಲ ಅಂದ್ರೆ ಒಳಗೆ ಹೋಗ್ತಿಲ್ಲ ಅಂತ. ಬಾಟ್ಲಿ ನೋಡಿ ಸುಮ್ನಾಗ್ಬಾರದಮ್ಮ, ರೋಗೀನ ನೋಡ್ಬೇಕು. ಎಲ್ಲಿ, ಟ್ಯೂಬು ಎಲ್ಲಿ ಮಡಚ್ಕೊಂಡಿದೆ..."

ಮಾತು ಅಲ್ಲೇ ನಿಂತಿತು. ಕೈ ಟ್ಯೂಬಿನ ಮೇಲೆಯೇ ಉಳಿಯಿತು. ಹೊಸ ನರ್ಸು ತಾನೇನೋ ದೊಡ್ಡ ತಪ್ಪು ಮಾಡಿದೆನೆಂದು ಹೆದರಿ ನಿಂತಳು.

"ನಿಂಗಲ್ಲ," ಎಂದಳು ಸಿಸ್ಟರ್ ಮೆಲ್ಲಗೆ. "ನಂಗೇ ಹೇಳ್ಕೊಂಡೆ."

ಟ್ಯೂಬಿನ ಮಡಿಕೆ ಬಿಡಿಸಿದಳು, ಹನಿ ಬೀಳತೊಡಗಿತು. ಡ್ಯೂಟಿ ಮುಗಿದು ಮೂರು ಗಂಟೆಯಾಗುವಷ್ಟರಲ್ಲಿ ಗಡಿಯಾರವನ್ನು ಅದೆಷ್ಟು ಸಲ ನೋಡಿದಳೋ. ಸ್ಕೂಟರನ್ನು ಅಂಗಳದಲ್ಲಿ ನಿಲ್ಲಿಸಿದವಳು ಹೆಲ್ಮೆಟ್ಟನ್ನೂ ತೆಗೆಯದೆ ಕಾರಿನ ಹತ್ತಿರ ಹೋದಳು.

"ಮಾವ, ರೇಡಿಯೇಟರ್ ಮುಚ್ಚಳ ತೆಗೀಬೇಕು."

ಮಾವ ಕುರ್ಚಿಯಿಂದ ಎದ್ದೇ ಬಿಟ್ಟರು. ಬಸ್ಸಿನ ದಿನಗಳಲ್ಲಿ ಒಮ್ಮೆ ಬಿಸಿ ಇಂಜಿನ್ನಿನ ಮುಚ್ಚಳ ತಿರುಗಿಸಲು ಹೋಗಿ ಅವರ ಬಲಗೈ ಮುಂಗೈವರೆಗೆ ಬೆಂದಿತ್ತು. ಕಲೆ ಇನ್ನೂ ಇತ್ತು. ಅಂದಿನಿಂದ ಬಾಟ್ಲಿ ನೋಡುವುದು, ಮುಚ್ಚಳ ಮುಟ್ಟದಿರುವುದು ಅವರ ಕಟ್ಟುನಿಟ್ಟು.

"ಬೇಡ. ಬಾಟ್ಲಿ ತುಂಬಿದೆ."

"ಅದಕ್ಕೇ ಮಾವ. ಅಷ್ಟು ಸಲ ಕುದ್ದು ಹಬೆ ಹೋಗಿದೆ. ಆದ್ರೂ ಬಾಟ್ಲಿ ಒಂದು ಗುಟುಕು ಇಳಿದಿಲ್ಲ ಅಂತ ನೀವೇ ಹೇಳಿದ್ರಿ. ಬಿಸಿಯಾದಾಗ ನೀರು ಬಾಟ್ಲಿಗೆ ಹೋಗ್ಬೇಕು, ತಣ್ಣಗಾದಾಗ ಇಂಜಿನ್ನು ವಾಪಸ್ ಹೀರ್ಕೋಬೇಕು, ಅಲ್ವಾ? ಹೀರ್ಕೊಳ್ತಾ ಇದ್ರೆ ಬಾಟ್ಲಿ ಇಳೀಬೇಕಿತ್ತು."

ಮಾವ ಅವಳನ್ನೇ ನೋಡಿದರು. ಆಮೇಲೆ ಬಾಟ್ಲಿ ನೋಡಿದರು.

"ಗಾಡಿ ನಿನ್ನೆ ಸಂಜೆಯಿಂದ ನಿಂತಿದೆ. ಮುಟ್ಟಿ ನೋಡಿ, ಐಸಿನ ಥರ ಇದೆ," ಎಂದಳು. ದಪ್ಪ ಟವೆಲ್ಲು ಹಾಕಿ ತಾನೇ ತಿರುಗಿಸಿದಳು. ಮುಚ್ಚಳ ಬಂತು. ಟಾರ್ಚು ಬಿಟ್ಟು ಇಬ್ಬರೂ ಬಗ್ಗಿದರು.

ಒಳಗೆ ನೀರು ಕಾಣಲಿಲ್ಲ.

"ಅತ್ತೆ, ಕ್ಯಾನು ತನ್ನಿ," ಎಂದು ಕೂಗಿದಳು. ಮೊಣಕಾಲು ನೋವನ್ನು ಮರೆತು ಅತ್ತೆ ರೇಡಿಯೇಟರಿಗೆ ಹಾಕುವ ಹಸಿರು ನೀರಿನ ಕ್ಯಾನು ಹೊತ್ತು ತಂದರು. ಒಂದು ಲೀಟರು ಹೋಯಿತು. ಎರಡು. ಎರಡೂವರೆ. "ಎಲ್ಲಿಗೆ ಹೋಗ್ತಿದೆ ಇದು, ಪಾತಾಳಕ್ಕಾ?" ಎಂದರು ಅತ್ತೆ. ಮೂರು ಲೀಟರಿಗೆ ಕುತ್ತಿಗೆಯ ಬಳಿ ಹಸಿರು ಹೊಳೆಯಿತು. ಮುಚ್ಚಳ ತೆರೆದೇ ಇಟ್ಟು, ಹೀಟರ್ ಪೂರ್ತಿ ತಿರುಗಿಸಿ ಇಂಜಿನ್ ಶುರು ಮಾಡಿದರು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ನೀರು ಇಳಿಯಿತು, ಮತ್ತೆ ಹಾಕಿದರು, ಮತ್ತೆ ಗುಳ್ಳೆ. ಹತ್ತು ನಿಮಿಷ ಹೀಗೇ. ಆಮೇಲೆ ಗುಳ್ಳೆ ನಿಂತಿತು. ಅದರ ಜೊತೆಗೇ, ಯಾರೋ ಕೈಯಿಟ್ಟು ಸಮಾಧಾನ ಮಾಡಿದ ಹಾಗೆ, ಇಂಜಿನ್ನಿನ ಏರಿಳಿತವೂ ನಿಂತಿತು. ಒಂದೇ ಸಮನೆ ಗುರ್ರೆನ್ನತೊಡಗಿತು.

"ಸೆನ್ಸರು ಗಾಳಿಯಲ್ಲಿತ್ತು," ಎಂದರು ಮಾವ, ಪಿಸುಗುಟ್ಟುವ ಹಾಗೆ. "ನೀರೇ ಇಲ್ಲದ ಕಡೆ ಕೂತು, ಬಿಸಿಯಿಲ್ಲ ಬಿಸಿಯಿಲ್ಲ ಅಂತಿತ್ತು. ವಾಲ್ವಿಗೂ ಅದೇ ಗಲಿಬಿಲಿ."

ಮುಚ್ಚಳ ಹಾಕಿ ಕಾಯತೊಡಗಿದರು. ಹನ್ನೊಂದನೆಯ ನಿಮಿಷಕ್ಕೆ ಫ್ಯಾನು ತಾನಾಗಿಯೇ ತಿರುಗಿತು. ಅತ್ತೆ ಚಪ್ಪಾಳೆ ತಟ್ಟಿದರು. ಸಿಸ್ಟರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು, ಮುಳ್ಳು ಅರ್ಧದಲ್ಲೇ ಇತ್ತು. ಮತ್ತೆ ತಿರುಗಿತು, ಮತ್ತೆ ನಿಂತಿತು. ಇಂಜಿನ್ ಆರಿಸಿದಳು.

"ಟ್ಯೂಬು ನೋಡ್ಬೇಕು ಈಗ," ಎಂದಳು. "ಎಲ್ಲೋ ಗಾಳಿ ಎಳೀತಿದೆ. ಅದಕ್ಕೇ ಗ್ಯಾರೇಜಿನವನು ತುಂಬಿಸಿದ ನೀರು ಹದಿನೈದು ದಿನಕ್ಕೆ ಖಾಲಿಯಾಗ್ತಿತ್ತು."

ಅತ್ತೆ ಟೀಗೆ ನೀರಿಡಲು ಒಳಗೆ ಹೋದರು. ರೇಡಿಯೇಟರಿನ ಕುತ್ತಿಗೆಯಿಂದ ಬಾಟ್ಲಿಗೆ ಒಂದು ಗೇಣುದ್ದದ ಸಣ್ಣ ರಬ್ಬರ್ ಪೈಪು. ಸಿಸ್ಟರ್ ಅದರ ಮೇಲೆ ಬೆರಳಾಡಿಸಿಕೊಂಡು ಹೋದಳು. ಕುತ್ತಿಗೆಯ ಹತ್ತಿರ, ಕೆಳಭಾಗದಲ್ಲಿ ಬೆರಳಿಗೆ ಸೀಳು ಸಿಕ್ಕಿತು. ಆ ಪೈಪು ಕಾರಿನದಲ್ಲ. ಬಚ್ಚಲಿನ ಪೈಪಿನ ತುಂಡು. ಅದನ್ನು ಬಿಗಿದದ್ದು ತಂತಿ. ಎಡಕ್ಕೆ ಎರಡು ಸುತ್ತು, ತುದಿ ಒಳಕ್ಕೆ ಮಡಚಿದ್ದು. ಸೀಳು ಬಿಟ್ಟಿದ್ದು ತಂತಿ ಒತ್ತಿದ ಜಾಗದಲ್ಲೇ.

ಅವಳು ಟಾರ್ಚು ಆರಿಸಿದಳು. ಆದರೆ ಮಾವ ಆಗಲೇ ನೋಡಿದ್ದರು.

ಮಾವ ತಮ್ಮ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಿದ್ದರು, ತಂತಿ ತಿರುಚುವವರ ಹಾಗೆ.

"ಪೈಪು ಹಳೇದಾಗಿತ್ತು ಅಂತ ಹೇಳ್ತೀನಿ ಮಾವ," ಎಂದಳು ಅವಳು ಕೊನೆಗೆ. "ಅದೇನೂ ಸುಳ್ಳಲ್ಲ."

"ಏನಾದ್ರೂ ಹೇಳಮ್ಮ."

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಒಂದು ಗಂಟೆ ಬಿಟ್ಟು ಬಿಡಿಭಾಗದ ಅಂಗಡಿಯಿಂದ ಸರಿಯಾದ ಪೈಪು, ಎರಡು ಕ್ಲಾಂಪು ಮತ್ತು ಹೊಸ ಮುಚ್ಚಳ ತಂದರು. ತಾವೇ ಹಾಕಿದರು. ಹಳೆಯ ತುಂಡನ್ನು ಏನು ಮಾಡಿದರೆಂದು ಅವಳು ಕೇಳಲಿಲ್ಲ. ಆ ಸಂಜೆ ಅವರು ಊಟಕ್ಕೆ ಏಳಲಿಲ್ಲ.

ಭಾನುವಾರ ಬೆಳಿಗ್ಗೆ ಸಿಸ್ಟರ್ ಗಂಡನ ಮುಂದೆ ನಿಂತಳು.

"ಸಂಜೆ ನಾಲ್ಕಕ್ಕಲ್ವಾ ಗುಜರಿಯವನು? ಅದಕ್ಕೆ ಮುಂಚೆ ಎಲ್ರೂ ಕೆರೆ ಹತ್ರ ಹೋಗಿ ಊಟ ಮಾಡ್ಕೊಂಡು ಬರೋಣ. ನೀವೇ ಓಡಿಸಿ."

"ಸೇತುವೆ ಮೇಲೇನಾ?"

"ಸೇತುವೆ ಮೇಲೇ. ರೈಲ್ವೆ ಗೇಟಿನ ದಾರೀಲೇ."

ಗಂಡ ಅವಳನ್ನು ಅನುಮಾನದಿಂದ ನೋಡಿ, ಕೀ ತೆಗೆದುಕೊಂಡ. ಮುಂದೆ ಅತ್ತೆ, ಹಿಂದೆ ಸಿಸ್ಟರ್, ಗಿರಗಿಟ್ಲೆ, ಮಾವ. ಅಪ್ಪ ಮಗ ಒಂದೇ ಕಾರಿನಲ್ಲಿ ಕೂತು ತಿಂಗಳಾಗಿತ್ತು. ಒಬ್ಬರು ಎಡಗಡೆಯ ಕಿಟಕಿ, ಇನ್ನೊಬ್ಬರು ಮುಂದಿನ ಗಾಜು ನೋಡುತ್ತಿದ್ದರು. ಸೇತುವೆ ದಾಟಿತು. ರೈಲ್ವೆ ಗೇಟಿಗೆ ಬರುವ ಹೊತ್ತಿಗೆ ಸರಿಯಾಗಿ ಗೇಟು ಬಿತ್ತು. ಹಿಂದೆ ಮುಂದೆ ವಾಹನಗಳು, ಅಲ್ಲಾಡಲು ಜಾಗವಿಲ್ಲ.

ಗಂಡನ ಕೈ ಕೀಯ ಕಡೆ ಹೋಯಿತು.

"ಆರಿಸ್ಬೇಡಿ," ಎಂದಳು ಸಿಸ್ಟರ್.

"ನಿಂತು ಐದು ನಿಮಿಷ," ಎಂದಳು ಗಿರಗಿಟ್ಲೆ. "ಐಡ್ಲಿಂಗ್ ಏರಿಳಿತ ಇಲ್ಲ. ಅಜ್ಜಿ, ಕಾಲು?"

"ಬೆಚ್ಚಗಿದೆ," ಎಂದರು ಅತ್ತೆ, ವೈದ್ಯರಿಗೆ ಉತ್ತರ ಕೊಡುವಷ್ಟು ಗಂಭೀರವಾಗಿ.

ಮುಳ್ಳು ಅರ್ಧ ಮುಟ್ಟಿತು. ಅರ್ಧ ದಾಟಿತು. ಗಂಡನ ಮೊಬೈಲು ಹೊಡೆದುಕೊಂಡಿತು. ಗುಜರಿಯವನು. "ಹೇಳಿ... ಹೂಂ, ಇವತ್ತೇ... ಬೇಗ ಬರ್ತೀರಾ? ಎಷ್ಟು ಹೊತ್ತಿಗೆ?" ಎನ್ನುತ್ತಲೇ ಅವನ ಕಣ್ಣು ಮುಳ್ಳಿನ ಮೇಲಿತ್ತು. ಮುಳ್ಳು ಇನ್ನೊಂದು ಕೂದಲೆಳೆ ಏರಿತು. "ಒಂದು ನಿಮಿಷ ತಡೀರಿ," ಎಂದ ಗಂಡ ಫೋನಿಗೆ.

ಗುಂಯ್ಯೆಂದು ಫ್ಯಾನು ತಿರುಗಿತು.

ಗಿರಗಿಟ್ಲೆ ಕಿರುಚಿದ ಸದ್ದಿಗೆ ಪಕ್ಕದ ಸ್ಕೂಟರಿನವನು ತಿರುಗಿ ನೋಡಿದ. ಅತ್ತೆ ಕೈ ಹಿಂದೆ ಚಾಚಿ ಸೊಸೆಯ ಮೊಣಕಾಲು ಹಿಂಡಿದರು. ಮುಳ್ಳು ನಿಧಾನವಾಗಿ ಅರ್ಧಕ್ಕೆ ಇಳಿದು ಅಲ್ಲೇ ನಿಂತಿತು. ಗಂಡ ಅದನ್ನು ನೋಡುತ್ತಲೇ, "ನೀವು ಬರೋದು ಬೇಡ ಬಿಡಿ," ಎಂದು ಫೋನಿಗೆ ಹೇಳಿ ಕೆಳಗಿಟ್ಟ.

ರೈಲು ಇನ್ನೂ ಬಂದಿರಲಿಲ್ಲ.

"ಏನಾಗಿತ್ತು ಕೊನೆಗೆ?" ಎಂದು ಕನ್ನಡಿಯಲ್ಲಿ ಹೆಂಡತಿಯನ್ನು ಕೇಳಿದ.

"ಬಾಟ್ಲಿಗೆ ಹೋಗೋ ಸಣ್ಣ ಪೈಪು ಸೀಳಿತ್ತು," ಎಂದಳು ಅವಳು. "ಹಳೇದಾಗಿತ್ತು."

"ಹಳೇದಲ್ಲ," ಎಂದರು ಮಾವ.

ಕಿಟಕಿಯ ಕಡೆಯೇ ಮುಖ ಮಾಡಿ ಮುಂದುವರಿಸಿದರು. "ಹಳೇದು ಚೆನ್ನಾಗೇ ಇತ್ತು, ಸ್ವಲ್ಪ ಸಡಿಲ ಆಗಿತ್ತು. ಅದನ್ನ ತೆಗೆದು ಬಚ್ಚಲಿನ ಪೈಪಿನ ತುಂಡು ಹಾಕಿ ತಂತಿ ಬಿಗಿದೋನು ನಾನು. ಹೋದ ಬೇಸಿಗೆಯಲ್ಲಿ. ತಂತಿ ಕೊಯ್ದು ಸೀಳಿಬಿಟ್ಟಿದೆ. ನಿನ್ನ ಕಾಲಿಂದ ಏನೂ ಆಗಿಲ್ಲ. ಸೇತುವೆ ಮೇಲೆ ನಿಂತಿದ್ದೂ ನನ್ನಿಂದಲೇ. ನಿಮ್ಮ ಯಜಮಾನರು ನೂಕಿದ್ರಲ್ಲ, ಅದೂ."

ಗಿರಗಿಟ್ಲೆ ಮೊಬೈಲನ್ನು ಮಡಿಲಿಗಿಟ್ಟಳು. ಎದ್ದು ಹೋಗಲು ಯಾರಿಗೂ ಜಾಗವಿರಲಿಲ್ಲ. ರೈಲು ಬಂತು, ಡಬ್ಬಿ ಡಬ್ಬಿಯಾಗಿ ಬಹಳ ಹೊತ್ತು ಹೋಯಿತು. ಗೇಟು ಎದ್ದಿತು. ಹಿಂದಿನವರು ಹಾರ್ನು ಹೊಡೆಯತೊಡಗಿದರು. ಗಂಡ ಗೇರು ಹಾಕಿ ಹಳಿ ದಾಟಿಸಿ, ಆ ಕಡೆ ಮರದ ಕೆಳಗೆ ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿದ. ಇಂಜಿನ್ ಆರಿಸಲಿಲ್ಲ. ಇಳಿದು ಹೋಗಿ ಹಿಂದಿನ ಬಾಗಿಲು ತೆಗೆದ.

"ಬನ್ನಿ ಅಪ್ಪ. ಯಾವ ಪೈಪು ಅಂತ ತೋರ್ಸಿ."

ಮಾವ ಅವನ ಮುಖ ನೋಡಿದರು. "ಕೈ ಕೊಳೆಯಾಗುತ್ತೆ," ಎಂದರು, ಅಭ್ಯಾಸಬಲದಿಂದ.

"ಆಗ್ಲಿ."

ಬಾನೆಟ್ಟು ಮೇಲೆದ್ದಿತು. ಗಾಜಿನ ಮುಂದೆ ಅದೇ ತುಂಬಿಕೊಂಡಿದ್ದರಿಂದ ಒಳಗಿದ್ದವರಿಗೆ ಇಬ್ಬರೂ ಕಾಣುತ್ತಿರಲಿಲ್ಲ. ಮಾತು ಮಾತ್ರ ಚೂರುಚೂರಾಗಿ ಕೇಳುತ್ತಿತ್ತು. "ಇದು ಥರ್ಮೋಸ್ಟಾಟು... ಅಲ್ಲ, ಅದರ ಕೆಳಗೆ... ಮುಟ್ಬೇಡ, ಬಿಸಿ ಇದೆ... ಹಾಂ, ಇಲ್ಲಿ ಮುಟ್ಟು." ಐದು ನಿಮಿಷ ಆಯಿತು, ಹತ್ತಾಯಿತು. ಮಾವ ಈಗ ಬಸ್ಸಿನ ಇಂಜಿನ್ನಿಗೂ ಇದಕ್ಕೂ ಇರುವ ವ್ಯತ್ಯಾಸಕ್ಕೆ ಬಂದಿದ್ದರು. ಗಂಡ ಏನೋ ಕೇಳಿದ, ಮಾವ ನಕ್ಕರು.

"ಉಸ್ಸಪ್ಪಾ, ಕೆರೆ ಇವತ್ತಿಗೆ ಸಿಗಲ್ಲ ಬಿಡು," ಎಂದರು ಅತ್ತೆ. "ಡಬ್ಬಿ ಈ ಕಡೆ ಕೊಡು ಸಿಸ್ಟರೇ. ಹಸಿವಾಗ್ತಿದೆ, ನಾವು ಶುರು ಮಾಡೋಣ. ಅವರಿಬ್ಬರ ಪಾಲು ಒಂದೇ ತಟ್ಟೇಲಿ ಹಾಕು. ಇನ್ನೊಂದು ತಟ್ಟೆ ತೊಳೆಯೋಕೆ ನನ್ನ ಕೈಲಾಗಲ್ಲ."

ಸಿಸ್ಟರ್ ಡಬ್ಬಿ ಬಿಚ್ಚಿದಳು. ಆಲೂಗಡ್ಡೆ ಪಲ್ಯದ ವಾಸನೆ ಕಾರೆಲ್ಲ ತುಂಬಿತು. ಇಂಜಿನ್ನು ಒಂದೇ ಸಮನೆ ಓಡುತ್ತಿತ್ತು.